ಹೊಳೆ ಮತ್ತು ಹೊಲೆ

ಕನ್ನಡದಲ್ಲಿ ಒಂದೇ ಅಕ್ಷರದಷ್ಟು ದೂರ ಇರುವ ಎರಡು ಪದಗಳಿವೆ. ಒಂದು ಹೊಳೆ, ಇನ್ನೊಂದು ಹೊಲೆ. ಹೊಳೆ ಎಂದರೆ ತಾಯಿ, ಪಾವನೆ, ತೀರ್ಥ. ಹೊಲೆ ಎಂದರೆ ಮೈಲಿಗೆ, ಸೂತಕ, ದೂರ ಇಡಬೇಕಾದದ್ದು. ಮೊದಲನೆಯದರ ಮೇಲೆ ನಮ್ಮ ಕವಿಗಳು ಪದ್ಯ ಕಟ್ಟಿದರು. ಎರಡನೆಯದರ ಮೇಲೆ ನಮ್ಮ ಊರುಗಳನ್ನು ಕಟ್ಟಿದರು. ಯಾವ ನೀರನ್ನು ಯಾರು ಮುಟ್ಟಬೇಕು, ಬಾವಿಕಟ್ಟೆಯಿಂದ ಯಾರು ಎಷ್ಟು ದೂರ ನಿಲ್ಲಬೇಕು, ಯಾರ ಕೊಡಕ್ಕೆ ಯಾರು ಮೇಲಿನಿಂದ ಸುರಿಯಬೇಕು ಎಂಬುದನ್ನೆಲ್ಲ ತೀರ್ಮಾನ ಮಾಡಿದ್ದು ಈ ಹೊಲೆ.

ಈಗ ಕಾಲ ಬದಲಾಗಿದೆಯಂತೆ. ಎಲ್ಲರ ಬಾಯಲ್ಲೂ ಪರಿಸರ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಲ್ಲಿ ಹೋದರೂ ಹೊಳೆ ಉಳಿಸಿ, ಕೆರೆ ಉಳಿಸಿ, ಕಡಲು ಉಳಿಸಿ ಎಂಬ ಮಾತು. ಒಳ್ಳೆಯದೇ. ಹೊಳೆ ಕೆಟ್ಟರೆ ಮೊದಲು ಕಾಯಿಲೆ ಬೀಳುವವರು ನಾವು. ಆದರೆ ಒಂದು ಮಾತು ಕೇಳಬೇಕು. ಈ ನೀರಿಗೆ ಕಾವಲುಗಾರ ಯಾರು? ಅವನನ್ನು ನೇಮಿಸಿದವರು ಯಾರು? ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ? ಕರಾವಳಿಯ ಕಾದಂಬರಿ, ಸಿನಿಮಾ, ಪರಿಸರದ ಮಾತು ಇವೆಲ್ಲ ಈ ಪ್ರಶ್ನೆಗೆ ಏನು ಉತ್ತರ ಕೊಟ್ಟಿವೆ ಎಂದು ನೋಡುವುದೇ ಈ ಲೇಖನದ ಕೆಲಸ. ನಮ್ಮ ಜಿಲ್ಲೆಯಲ್ಲಿ ಕಾಪು ಎಂಬ ಊರೇ ಉಂಟು. ಕಾಪು ಎಂದರೆ ಕನ್ನಡದಲ್ಲಿ ಕಾವಲು. ಕಾವಲಿನ ಲೆಕ್ಕವನ್ನು ಇಲ್ಲಿಯೇ ಕೇಳೋಣ.

1

ಮೊದಲು ಎರಡು ಮಾತನ್ನು ಬೇರೆ ಮಾಡಬೇಕು. ಶುದ್ಧ ಬೇರೆ, ಸ್ವಚ್ಛ ಬೇರೆ. ಶುದ್ಧ ಎಂಬುದು ಯಾರು ಮುಟ್ಟಿದರು ಎಂಬ ಪ್ರಶ್ನೆ. ಸ್ವಚ್ಛ ಎಂಬುದು ನೀರಿನೊಳಗೆ ಏನಿದೆ ಎಂಬ ಪ್ರಶ್ನೆ. ಈ ದೇಶ ಸಾವಿರಾರು ವರ್ಷ ನೀರನ್ನು ಪರೀಕ್ಷೆ ಮಾಡಿತು. ಆದರೆ ಪರೀಕ್ಷೆ ಮಾಡಿದ್ದು ನೀರನ್ನಲ್ಲ, ನೀರೆತ್ತಿದ ಕೈಯನ್ನು.

ಇದಕ್ಕೆ ಮಹಾಡ್‌ಗಿಂತ ದೊಡ್ಡ ಸಾಕ್ಷಿ ಬೇಡ. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರರು ತಮ್ಮ ಜನರ ಜೊತೆ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಆಮೇಲೆ ಸವರ್ಣೀಯರು ಏನು ಮಾಡಿದರು? 108 ಮಡಕೆಗಳಲ್ಲಿ ಹಾಲು, ಮೊಸರು, ಸಗಣಿ, ಗಂಜಲ ಕಲಸಿ ಕೆರೆಗೆ ಸುರಿದು ಶುದ್ಧ ಮಾಡಿದರು. ಮನುಷ್ಯನ ಬೊಗಸೆ ತಾಗಿದ ನೀರು ಕೆಟ್ಟದ್ದು, ಸಗಣಿ ಬೆರೆತ ನೀರು ಒಳ್ಳೆಯದು! ಆ ಕೆರೆಯ ಮೇಲಿನ ನಮ್ಮ ಹಕ್ಕನ್ನು ಬಾಂಬೆ ಹೈಕೋರ್ಟು ಎತ್ತಿ ಹಿಡಿಯಲು ಹತ್ತು ವರ್ಷ ಬೇಕಾಯಿತು, 1937ರ ತನಕ.

ಮಹಾಡ್ ದೂರದ ಊರು, ಹಳೆಯ ಕತೆ ಎನ್ನುವವರು ಇದ್ದಾರೆ. ಸರಿ, ಉಡುಪಿಗೇ ಬನ್ನಿ. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಟ ‘ಚಲೋ ಉಡುಪಿ’ ಜಾಥಾ ಇಲ್ಲಿಗೆ ಬಂದು ಸೇರಿತು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಎಂದು ದಲಿತರು, ದಮನಿತರು ಈ ಬೀದಿಯಲ್ಲಿ ಕೂಗಿದರು. ಅದೇ ತಿಂಗಳು ಮಠದ ಸುತ್ತ ‘ಕನಕ ನಡೆ’ ಎಂಬ ಸ್ವಚ್ಛತಾ ಕಾರ್ಯಕ್ರಮ ನಡೆಯಿತು. ಇದು ನಾವು ನಡೆದ ನೆಲದ ಶುದ್ಧೀಕರಣ ಎಂದು ದಲಿತ ಸಂಘಟನೆಗಳು ಆಕ್ಷೇಪ ಎತ್ತಿದವು. ಅಲ್ಲ, ಇದು ಬರೀ ಸ್ವಚ್ಛತೆ ಎಂದು ನಡೆಸಿದವರು ಹೇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಏನೆಂದು ಅಗೆದು ನೋಡುವ ಕೆಲಸ ನನಗೆ ಬೇಡ. ನನಗೆ ಮುಖ್ಯವಾದದ್ದು ಇಷ್ಟು: ಒಂದು ಪೊರಕೆ ಬೀದಿಗೆ ಇಳಿದರೆ ಅದು ಕಸ ಗುಡಿಸಲು ಬಂತೋ ನಮ್ಮ ಹೆಜ್ಜೆ ಗುಡಿಸಲು ಬಂತೋ ಎಂಬ ಅನುಮಾನ ಈ ನಾಡಿನಲ್ಲಿ ಇನ್ನೂ ಹುಟ್ಟುತ್ತದೆ. ಹುಟ್ಟುವುದಕ್ಕೆ ಚರಿತ್ರೆಯ ಕಾರಣ ಇದೆ. ಪರಿಸರದ ಬಗ್ಗೆ ಬರೆಯುವವರು ಈ ಅನುಮಾನವನ್ನು ದಾಟಿ ಹೋಗಬಾರದು. ಅದರ ಎದುರು ನಿಂತು ಉತ್ತರ ಕೊಡಬೇಕು.

2

ಕರಾವಳಿಯ ಪರಿಸರ ಸಾಹಿತ್ಯ ಎಂದ ಕೂಡಲೇ ಮೊದಲು ಬರುವ ಹೆಸರು ಕೋಟದ ಶಿವರಾಮ ಕಾರಂತರದು. ಬರೆದು ಸುಮ್ಮನೆ ಕೂತವರಲ್ಲ ಅವರು. ಕೈಗಾ ಅಣುಸ್ಥಾವರದ ವಿರುದ್ಧ ನಿಂತು 1989ರಲ್ಲಿ ಲೋಕಸಭೆ ಚುನಾವಣೆಗೂ ಇಳಿದರು. ಆ ಪ್ರಾಮಾಣಿಕತೆಗೆ ನಮ್ಮ ಗೌರವ ಇದೆ. ಗೌರವ ಇರುವುದರಿಂದಲೇ ಅವರನ್ನು ಗಟ್ಟಿಯಾಗಿ ಓದಬೇಕು. ಪೂಜೆ ಮಾಡುವವರು ಮಾಡಲಿ, ನಾವು ಓದೋಣ.

1933ರ ‘ಚೋಮನ ದುಡಿ’ಯನ್ನು ನೆನೆಯಿರಿ. ಚೋಮನ ಸಣ್ಣ ಮಗ ನೀಲ ನೀರಿನಲ್ಲಿ ಮುಳುಗಿ ಸಾಯುತ್ತಾನೆ. ದಡದಲ್ಲಿ ಜನ ಇದ್ದಾರೆ. ಕೂಗಿದರೆ ಕೇಳುವಷ್ಟು, ಕೈ ಚಾಚಿದರೆ ಸಿಕ್ಕುವಷ್ಟು ಹತ್ತಿರ ಇದ್ದಾರೆ. ಮುಟ್ಟಬಾರದವರ ಮಗು, ಆದ್ದರಿಂದ ಎತ್ತುವವರಿಲ್ಲ. ಕನ್ನಡದಲ್ಲಿ ಜಾತಿಯ ಬಗ್ಗೆ ಬರೆದ ನೂರು ಭಾಷಣ ಈ ಒಂದು ಸಾವಿನ ಮುಂದೆ ನಿಲ್ಲುವುದಿಲ್ಲ. ನೀರು ಆ ಮಗುವಿನ ಜಾತಿ ಕೇಳಲಿಲ್ಲ. ದಡ ಕೇಳಿತು.

ನಮ್ಮ ವಿಮರ್ಶಕರು ಈ ಕಾದಂಬರಿಯನ್ನು ತೊಂಬತ್ತು ವರ್ಷದಿಂದ ಓದುತ್ತಾ ಇದ್ದಾರೆ. ಅವರ ಕಣ್ಣು ಯಾವಾಗಲೂ ದುಡಿಯ ಮೇಲೆ, ಚೋಮನ ಬೇಸಾಯದ ಆಸೆಯ ಮೇಲೆ, ‘ಮಾನವನ ದುರಂತ’ದ ಮೇಲೆ. ನೀರಿನ ಮೇಲೆ ಕಣ್ಣು ಹಾಕಿದವರು ಕಡಿಮೆ. ನಾನು ಕೇಳುವುದು ಇದು: ಚೋಮ ಭೂಮಿ ಕೇಳುತ್ತಾನೆ. ನೀರಿಲ್ಲದ ಭೂಮಿ ಕೊಟ್ಟರೆ ಏನು ಮಾಡುತ್ತಿದ್ದ? ನಮ್ಮ ಕಡೆ ನಾಲ್ಕು ತಿಂಗಳು ಹೊಯ್ಯುವ ಮಳೆ ಇಳಿಜಾರಿನಲ್ಲಿ ಓಡಿ ಕಡಲು ಸೇರುತ್ತದೆ. ಅದನ್ನು ತಡೆದು ನಿಲ್ಲಿಸುವುದಕ್ಕೇ ಮದಕ, ಪಳ್ಳ, ಕಟ್ಟ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಮರ, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ನೀರು ನಿಂತು ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳಿಗೆ ಬರುತ್ತಿತ್ತು. ಮುಂದಿನ ಮಳೆಗೆ ಕಟ್ಟ ಒಡೆದು ಹೋಗುತ್ತಿತ್ತು, ಮತ್ತೆ ವರ್ಷ ವರ್ಷ ಕಟ್ಟಬೇಕು. ಆ ಕಲ್ಲು ಹೊತ್ತವರು ಯಾರು? ಸೊಂಟದ ಮಟ್ಟ ಕೆಸರಿನಲ್ಲಿ ನಿಂತವರು ಯಾರು? ಮದಕದ ಹೂಳು ತೆಗೆದವರು ಯಾರು? ಮೂಲದ ಆಳುಗಳಾಗಿ ದುಡಿದ ನಮ್ಮವರೇ. ತೋಡಿನ ನೀರು ಎಲ್ಲಿ ಸೋರುತ್ತದೆ, ಎಲ್ಲಿ ಒರತೆ ಇದೆ, ಯಾವ ತಿಂಗಳು ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಅವರ ಕಾಲಿನಲ್ಲಿತ್ತು.

ಕಾದಂಬರಿ ಚೋಮನನ್ನು ನೀರಿಗೆ ಮಗುವನ್ನು ಕಳೆದುಕೊಂಡವನಾಗಿ ತೋರಿಸುತ್ತದೆ. ನೀರನ್ನು ಬಲ್ಲವನಾಗಿ ತೋರಿಸುವುದಿಲ್ಲ. ಅಲ್ಲಿಂದ ಇಲ್ಲಿಯ ತನಕ ಕರಾವಳಿಯ ಬರವಣಿಗೆಯಲ್ಲಿ ನಮಗೆ ಸಿಕ್ಕಿರುವ ಪಾತ್ರ ಇದೇ. ಅಯ್ಯೋ ಪಾಪ ಎನ್ನಿಸಿಕೊಳ್ಳುವ ಪಾತ್ರ. ಪಾಪ ಎನ್ನಿಸಿಕೊಂಡವನನ್ನು ಯಾರೂ ನೀರಿನ ಸಮಿತಿಗೆ ಕರೆಯುವುದಿಲ್ಲ, ಸ್ವಾಮಿ.

ಕಾರ್ಕಳದಲ್ಲಿ ಆನೆಕೆರೆ ಎಂಬ ದೊಡ್ಡ ಕೆರೆ ಉಂಟು. ಹೆಸರೇ ಹೇಳುವ ಹಾಗೆ ಅದು ಆನೆಗಳು ಇಳಿಯುತ್ತಿದ್ದ ಕೆರೆ. ಆನೆ ಇಳಿದರೆ ಮೈಲಿಗೆಯಾಗದ ಕೆರೆಗಳು ಈ ನಾಡಿನಲ್ಲಿ ಬೇಕಾದಷ್ಟು. ಚೋಮ ಇಳಿದರೆ ಮೈಲಿಗೆಯಾಗದ ಕೆರೆ ಎಷ್ಟಿದ್ದವು? ಕೆರೆಗಳ ಚರಿತ್ರೆ ಬರೆಯುವವರು ಕಟ್ಟಿಸಿದ ಅರಸನ ಹೆಸರು ಹುಡುಕುತ್ತಾರೆ. ಇಳಿಯಬಾರದು ಎಂದು ತಡೆದವರ ಹೆಸರನ್ನೂ, ಹೊತ್ತು ಕಟ್ಟಿದವರ ಹೆಸರನ್ನೂ ಹುಡುಕಲಿ.

3

ಈಗ ಹೊಳೆ ಹುಟ್ಟುವ ಕಡೆ ಹೋಗೋಣ. ಉಡುಪಿ ಮಣಿಪಾಲಕ್ಕೆ ಕುಡಿಯುವ ನೀರು ಕೊಡುವ ಸ್ವರ್ಣೆ ಕಾರ್ಕಳ ತಾಲೂಕಿನ ಮೇಲಿನ ಘಟ್ಟದ ತಪ್ಪಲಿನಿಂದ ಇಳಿದು ಬರುತ್ತಾಳೆ. ಅಲ್ಲಿ ಬದುಕಿದವರು ಮಲೆಕುಡಿಯರು. ಕಾರಂತರು ಕುಡಿಯರ ಬಾಳನ್ನೇ ಹಿಡಿದು ‘ಕುಡಿಯರ ಕೂಸು’ ಬರೆದರು. ಕಾಡಿನ ತೊರೆ, ಪ್ರಾಣಿಯ ಜಾಡು, ಮಳೆಯ ಸೂಚನೆ ಬಲ್ಲ ಜನ. ಆ ಕಾದಂಬರಿಯನ್ನು ಓದುವಾಗ ನಮ್ಮ ಪೇಟೆಯ ಓದುಗರಿಗೆ ಬಹಳ ಸಂತೋಷ. ಆಹಾ, ಪ್ರಕೃತಿಯ ಮಕ್ಕಳು! ಆದರೆ ಪುಸ್ತಕದಲ್ಲಿ ಪ್ರಕೃತಿಯ ಮಕ್ಕಳಾದವರು ಸರಕಾರದ ಕಡತದಲ್ಲಿ ಏನಾದರು ನೋಡಿ.

1987ರಲ್ಲಿ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಘೋಷಣೆ ಬಂತು. 2001ರಲ್ಲಿ ಅಂತಿಮ ಅಧಿಸೂಚನೆ ಆಯಿತು. ಸುಮಾರು 600 ಚದರ ಕಿಲೋಮೀಟರು ಕಾಡು. ಅದರೊಳಗೆ ತಲೆಮಾರುಗಳಿಂದ ಇದ್ದ ಮಲೆಕುಡಿಯರೂ ಬಡ ರೈತರೂ ಒಂದು ಬೆಳಗ್ಗೆ ಏಳುವಾಗ ತಮ್ಮ ಮನೆಯಲ್ಲೇ ಅತಿಕ್ರಮಣದವರಾಗಿದ್ದರು. ಸೌದೆ ತಂದರೆ ಅಪರಾಧ. ಜೇನು ತೆಗೆದರೆ ಅಪರಾಧ. ರಸ್ತೆ ಕೇಳಿದರೆ, ಕರೆಂಟು ಕೇಳಿದರೆ ಅರಣ್ಯ ಕಾಯ್ದೆ ಅಡ್ಡ. ಅದೇ ಹೊತ್ತಿಗೆ ಅದೇ ಗುಡ್ಡದ ಸಾಲಿನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಬೆಟ್ಟವನ್ನೇ ಕೊರೆಯುತ್ತಿತ್ತು. ಅದರ ಹೂಳು ಭದ್ರೆಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಆ ಗಣಿ ನಿಂತದ್ದು 2005ರ ಕೊನೆಗೆ. ಗಣಿ ನಿಲ್ಲಿಸಲು ಹೋರಾಡಿದ ಪರಿಸರವಾದಿಗಳಿಗೆ ನಾವು ಋಣಿ. ಆದರೆ ಬೆಟ್ಟ ತಿಂದ ಯಂತ್ರವನ್ನೂ ಬೆಟ್ಟದಲ್ಲಿ ಬದುಕಿದ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎರಡೂ ಕಾಡಿಗೆ ಮಾರಕ ಎಂದ ಪರಿಸರವಾದವನ್ನು ಒಪ್ಪಲಾಗದು. ಕಾಡಿನಲ್ಲಿ ಜನ ಬೇಡ ಎನ್ನುವ ಮಾತಿನ ಹಿಂದೆ ಹಳೆಯ ಮಡಿಯ ವಾಸನೆ ಇದೆ. ಅಲ್ಲಿಯೂ ಅದೇ ಹೆದರಿಕೆ: ಇವರು ಮುಟ್ಟಿದರೆ ಕೆಡುತ್ತದೆ.

2022ರಲ್ಲಿ ಬಂದ ‘ಕಾಂತಾರ’ ಸಿನಿಮಾ ಈ ಜಗಳವನ್ನೇ ಕತೆ ಮಾಡಿತು. ಕಾಡಂಚಿನ ಜನ, ಅರಣ್ಯಾಧಿಕಾರಿ, ಜಮೀನ್ದಾರ, ದೈವ. ಜಮೀನ್ದಾರನ ಮನೆಯೊಳಗೆ ಕಾಲಿಡಲಾಗದ ಜನರನ್ನು ಅದು ತೋರಿಸಿತು. ಜನ ನೋಡಿದರು, ನಾನೂ ನೋಡಿದೆ, ಮೈ ಜುಮ್ಮೆಂದಿತು. ಜುಮ್ಮೆಂದದ್ದು ಇಳಿದ ಮೇಲೆ ಪ್ರಶ್ನೆ ಏಳುತ್ತದೆ. ಕೊನೆಯಲ್ಲಿ ದೈವ ಬಂದು ಊರವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಟ್ಟು ಸೇರಿಸಿ ಮಾಯವಾಗುತ್ತದೆ. ಚಪ್ಪಾಳೆ. ಅಲ್ಲ ಮಾರಾಯ್ರೆ, ಹಕ್ಕುಪತ್ರ ಎಲ್ಲಿ? ಕೈ ಸೇರಿಸಿದ ಮರುದಿನ ಆ ಅಧಿಕಾರಿಗೆ ವರ್ಗವಾದರೆ ಮುಂದಿನವನಿಗೆ ದೈವದ ಮಾತು ಕೇಳಿಸುತ್ತದಾ? ಭೂತ ಕಟ್ಟುವ ನಲಿಕೆಯವರಿಗೆ, ಪಂಬದರಿಗೆ, ಪರವರಿಗೆ ಕೋಲದ ರಾತ್ರಿ ಊರೇ ತಲೆಬಾಗುತ್ತದೆ. ಬೆಳಗಾದರೆ ಅವರ ಮಾತಿಗೆ ಯಾವ ಕಚೇರಿಯಲ್ಲಿ ಬೆಲೆ ಉಂಟು? ಸಿನಿಮಾ ರಾತ್ರಿಯಲ್ಲೇ ಮುಗಿಯುತ್ತದೆ. ನಮ್ಮ ಕಷ್ಟ ಶುರುವಾಗುವುದು ಬೆಳಗ್ಗೆ.

ಬೆಳಗಿನ ಮಾತು ಬೇರೆ ಕಡೆ ಬರೆದಿದೆ, ಅದನ್ನು ಯಾರೂ ಸಿನಿಮಾ ಮಾಡುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಮು ಓದಿ. ಹಕ್ಕುದಾರರಿಗೂ ಗ್ರಾಮಸಭೆಗೂ ಕಾಡನ್ನು, ವನ್ಯಜೀವಿಗಳನ್ನು ಕಾಪಾಡುವ ಅಧಿಕಾರ ಅದು ಕೊಡುತ್ತದೆ. ಜಲಾನಯನ ಪ್ರದೇಶ, ನೀರಿನ ಮೂಲಗಳು ಸರಿಯಾಗಿ ಉಳಿಯುವ ಹಾಗೆ ನೋಡಿಕೊಳ್ಳುವ ಅಧಿಕಾರವನ್ನೂ ಕೊಡುತ್ತದೆ. ಗಮನಿಸಿ, ಕಾಯ್ದೆ ಇಲ್ಲಿ ಕಾಡಿನ ಮನುಷ್ಯನನ್ನು ಪಾಪ ಎನ್ನುವುದಿಲ್ಲ. ಕಾವಲುಗಾರ ಎನ್ನುತ್ತದೆ. ನಮ್ಮ ಸಾಹಿತ್ಯ ಇನ್ನೂ ಕೊಡದ ಪಾತ್ರವನ್ನು ಒಂದು ಒಣ ಕಾನೂನು ಕೊಟ್ಟಿದೆ. ಅದನ್ನು ಜಾರಿ ಮಾಡಿಸಿಕೊಳ್ಳುವುದು ಬೇರೆ ಹೋರಾಟ. ಆದರೆ ಬರಹಗಾರನಿಗೆ ಕನಿಷ್ಠ ನಾಚಿಕೆಯಾದರೂ ಆಗಬೇಕು.

4

ಹೊಳೆ ಕೆಳಗೆ ಇಳಿಯುತ್ತದೆ. ಹಿರಿಯಡ್ಕದ ಹತ್ತಿರ ಬಜೆಯಲ್ಲಿ ಅಣೆಕಟ್ಟು. ಅಲ್ಲಿಂದ ಪೈಪಿನಲ್ಲಿ ಉಡುಪಿಗೆ, ಮಣಿಪಾಲಕ್ಕೆ. 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ನೀರು ತಳ ಕಂಡಾಗ ಪೇಟೆಯಲ್ಲಿ ಟ್ಯಾಂಕರಿಗೆ ಕೊಡ ಸಾಲಿಟ್ಟರು. ಹೊಳೆಗೂ ತಮಗೂ ಸಂಬಂಧ ಇದೆ ಎಂದು ಪೇಟೆಗೆ ನೆನಪಾಗುವುದು ಇಂಥ ಬೇಸಗೆಯಲ್ಲಿ ಮಾತ್ರ.

ಮಣಿಪಾಲ ಎಂಬ ಹೆಸರೇ ಒಂದು ಕೆರೆಯದು. ಮಣ್ಣಪಳ್ಳ. ತುಳುವಿನಲ್ಲಿ ಪಳ್ಳ ಎಂದರೆ ಕೆರೆ. ಕೆಸರಿನ ಕೆರೆಯೊಂದು ಊರಿಗೆ ಹೆಸರು ಕೊಟ್ಟಿತು. ಊರು ಆಕಾಶಕ್ಕೆ ಬೆಳೆಯಿತು. ಈಗ ಆ ಪಳ್ಳದ ಸುತ್ತ ನಡೆಯುವ ದಾರಿ ಇದೆ, ಬೆಳಗ್ಗೆ ಸಂಜೆ ಜನ ಆರೋಗ್ಯಕ್ಕಾಗಿ ಸುತ್ತು ಹಾಕುತ್ತಾರೆ. ತಪ್ಪಲ್ಲ. ಆದರೆ ಪೇಟೆಯ ಕಟ್ಟಡಗಳ ಕಕ್ಕಸಿನ ನೀರು ಎಲ್ಲಿಗೆ ಸುತ್ತು ಹಾಕುತ್ತದೆ ಎಂದು ಆ ದಾರಿಯಲ್ಲಿ ಕೇಳುವವರು ಎಷ್ಟು ಜನ?

ಅದಕ್ಕೆ ಉತ್ತರ ಇಂದ್ರಾಣಿಯಲ್ಲಿದೆ. ಊರ ನಡುವೆ ಹರಿದು ಕಡಲ ಕಡೆ ಹೋಗುವ ಸಣ್ಣ ಹೊಳೆ. ನಿಟ್ಟೂರಿನಲ್ಲಿ ಕೊಳಚೆ ಶುದ್ಧೀಕರಣ ಘಟಕ ಇದೆ. ಇದ್ದರೂ ಇಂದ್ರಾಣಿಗೆ ಪೇಟೆಯ ಕೊಳಚೆ ಸೇರುತ್ತದೆ, ಬಾವಿಗಳು ಕೆಟ್ಟಿವೆ ಎಂದು ಕೊಡವೂರು, ಕಲ್ಮಾಡಿ ಕಡೆಯ ಜನ ವರ್ಷಗಟ್ಟಲೆ ಕೂಗಿದ್ದಾರೆ. ಮೂಗು ಮುಚ್ಚಿಕೊಂಡು ಬದುಕಿದ್ದಾರೆ.

ಇಲ್ಲಿ ನನಗೆ ಒಂದು ಹಳೆಯ ಪದ್ಧತಿ ನೆನಪಾಗುತ್ತದೆ. ಅಜಲು. ಮೇಲ್ಜಾತಿಯವರು ತಮ್ಮ ಮನೆಯ ಅನಿಷ್ಟ, ಕಾಯಿಲೆ ದಾಟಿ ಹೋಗಲಿ ಎಂದು ಅನ್ನಕ್ಕೆ ಕೂದಲು, ಉಗುರು ಕಲಸಿ ಕೊರಗರಿಗೆ ತಿನ್ನಿಸುತ್ತಿದ್ದ ಪದ್ಧತಿ. ಅದನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯ ಕಾಯ್ದೆ ಬೇಕಾಯಿತು. ಅಜಲಿನ ತರ್ಕ ಏನು? ನನ್ನ ಕೊಳೆ ನಿನ್ನ ಹೊಟ್ಟೆಗೆ ಹೋದರೆ ನಾನು ಶುದ್ಧ. ಕೊಳೆ ಇಲ್ಲವಾಗಬೇಕಿಲ್ಲ, ಬೇರೆಯವನಿಗೆ ದಾಟಿದರೆ ಸಾಕು. ಪೇಟೆ ತನ್ನ ಮಲವನ್ನು ಪೈಪಿಗೆ ಬಿಟ್ಟು, ಪೈಪನ್ನು ತೋಡಿಗೆ ಬಿಟ್ಟು, ಕೈ ತೊಳೆದುಕೊಂಡು ತಿಂಡಿಗೆ ಕೂರುವಾಗ ನಡೆಯುವುದು ಇದೇ. ಇದು ಹೊಳೆಯ ಮೂಲಕ ನಡೆಯುವ ಅಜಲು. ಕೆಳಗಿನ ಊರಿನವರ ಬಾವಿಗೆ ನಮ್ಮ ಅನಿಷ್ಟ ದಾಟಿತು, ನಾವು ಸ್ವಚ್ಛ ನಗರ! ಅಜಲಿಗೆ ಕಾಯ್ದೆ ಬಂತು. ಈ ಅಜಲಿಗೆ ಪ್ರಶಸ್ತಿ ಫಲಕ ಬರುತ್ತದೆ.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಮೊದಲು ನಿಲ್ಲಿಸಿದ ಪುರಸಭೆಗಳಲ್ಲಿ ಉಡುಪಿಯ ಹೆಸರು ಹೇಳುತ್ತಾರೆ. ಹೇಳಲಿ, ಅದು ದೊಡ್ಡ ಕೆಲಸವೇ. ಆದರೆ ತಲೆಯಿಂದ ಇಳಿದ ಬುಟ್ಟಿ ಎಲ್ಲಿಗೆ ಹೋಯಿತು? ಕರಾವಳಿಯ ಪೇಟೆಗಳಲ್ಲಿ ಚರಂಡಿ ಬಿಡಿಸುವ, ಕಸ ಎತ್ತುವ ಕೆಲಸದಲ್ಲಿ ಇವತ್ತೂ ಕೊರಗರು, ದಲಿತರೇ ಇದ್ದಾರೆ. ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸಬಾರದು ಎಂದು 2013ರ ಕಾಯ್ದೆ ಹೇಳುತ್ತದೆ. ಇಳಿದು ಸತ್ತವರ ಮನೆಗೆ 30 ಲಕ್ಷ ರೂಪಾಯಿ ಕೊಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅಂದರೆ ಈ ದೇಶದಲ್ಲಿ ಇನ್ನೂ ಇಳಿಯುತ್ತಿದ್ದಾರೆ, ಸಾಯುತ್ತಿದ್ದಾರೆ ಎಂದೇ ಅರ್ಥ.

ಇನ್ನು ನಮ್ಮ ಐದು ಸೆಂಟ್ಸ್ ಕಾಲೊನಿಗಳ ಲೆಕ್ಕ. ಐದು ಸೆಂಟ್ಸ್ ಎಂದರೆ 2178 ಚದರ ಅಡಿ. ಚೌಕ ಮಾಡಿದರೆ ಒಂದು ಬದಿ 47 ಅಡಿಯೂ ಇಲ್ಲ. ಬಾವಿಗೂ ಕಕ್ಕಸಿನ ಗುಂಡಿಗೂ 50 ಅಡಿ ಅಂತರ ಇರಲಿ ಎಂದು ತಿಳಿದವರು ಬುದ್ಧಿ ಹೇಳುತ್ತಾರೆ. ಎಲ್ಲಿಂದ ತರುವುದು ಸ್ವಾಮಿ ಆ 50 ಅಡಿ? ಅದೇ ಜಾಗದಲ್ಲಿ ಮನೆ, ಬಾವಿ, ಗುಂಡಿ. ಬೇಲಿಯಾಚೆ ಪಕ್ಕದ ಮನೆಯ ಗುಂಡಿ. ಕೆಳಗೆ ಮುರಕಲ್ಲು. ಮುರಕಲ್ಲಿನ ತುಂಬ ತೂತು, ಗುಂಡಿಯ ನೀರು ಸಲೀಸಾಗಿ ಬಾವಿಗೆ ಹರಿಯುತ್ತದೆ. ಆಮೇಲೆ ಕಾಲೊನಿಯಲ್ಲಿ ವಾಂತಿ ಭೇದಿ ಬಂದರೆ ‘ಅವರಿಗೆ ಶುಚಿತ್ವ ಗೊತ್ತಿಲ್ಲ’ ಎಂದು ಉಪದೇಶ. ಇಲ್ಲಿ ಕೆಟ್ಟಿರುವುದು ನಮ್ಮ ಅಭ್ಯಾಸ ಅಲ್ಲ, ನಮಗೆ ಅಳೆದು ಕೊಟ್ಟ ನೆಲದ ಅಳತೆ. ನೀರಿನ ಗುಣಮಟ್ಟ ಎಂಬುದು ಮೂಲದಲ್ಲಿ ಭೂಮಿಯ ಪ್ರಶ್ನೆ. ಭೂಮಿಯ ಪ್ರಶ್ನೆ ಜಾತಿಯ ಪ್ರಶ್ನೆ. ಚೋಮ ಕೇಳಿದ ಭೂಮಿಯ ಬದಲು ಅವನ ಮೊಮ್ಮಕ್ಕಳಿಗೆ ಸಿಕ್ಕಿದ್ದು ಈ ಐದು ಸೆಂಟ್ಸ್.

5

ಕಡಲಿಗೆ ಬಂದೆವು. ಕಾಪು ತಾಲೂಕಿನ ಪಡುಬಿದ್ರಿ ಕಡಲತೀರಕ್ಕೆ 2020ರ ಅಕ್ಟೋಬರಿನಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಇದು ಡೆನ್ಮಾರ್ಕಿನಲ್ಲಿ ಕಚೇರಿ ಇರುವ ಸಂಸ್ಥೆ ಕೊಡುವ ನೀಲಿ ಬಾವುಟ. ಅದಕ್ಕೆ ಸ್ನಾನದ ನೀರನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಬೇಕು. 100 ಮಿಲಿಲೀಟರ್ ಕಡಲ ನೀರಿನಲ್ಲಿ ಮಲದಿಂದ ಬರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾ 250ಕ್ಕಿಂತ ಹೆಚ್ಚು ಇರಬಾರದು. ಪರೀಕ್ಷೆಯ ಫಲಿತಾಂಶವನ್ನು ಜನರಿಗೆ ಕಾಣುವ ಹಾಗೆ ಹಾಕಬೇಕು. ನಾನು ಇದನ್ನು ಗೇಲಿ ಮಾಡುವುದಿಲ್ಲ. ನೀರನ್ನು ಹೀಗೆಯೇ ನೋಡಬೇಕು. ಇದರಲ್ಲಿ ಮಡಿ ಇಲ್ಲ, ಮೈಲಿಗೆ ಇಲ್ಲ. ಲೆಕ್ಕ ಇದೆ.

ನನ್ನ ತಕರಾರು ಬೇರೆ. ಪ್ರವಾಸಿ ಒಂದು ಗಂಟೆ ಮುಳುಗಿ ಏಳುವ ನೀರಿಗೆ ಇಷ್ಟು ಕಾವಲು. ಅದೇ ತಾಲೂಕಿನ ಯಲ್ಲೂರು, ನಂದಿಕೂರು ಕಡೆ ದಿನಾ ಕುಡಿಯುವ ಬಾವಿಗೆ? ಯಲ್ಲೂರಿನಲ್ಲಿ 1200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಎದ್ದಿತು. ಅದು ತಂಪಾಗಲು ಕಡಲ ನೀರು ಬೇಕು. ಹಾರುಬೂದಿ ಬೀಳುತ್ತದೆ, ಉಪ್ಪು ನೀರು ಗದ್ದೆ ಬಾವಿಗಳನ್ನು ಕೆಡಿಸುತ್ತದೆ ಎಂದು ಸುತ್ತಲಿನ ಊರವರು ದೂರಿದರು. ನಂದಿಕೂರಿನ ಜನಜಾಗೃತಿ ಸಮಿತಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2019ರಲ್ಲಿ ಮಂಡಳಿ ಮಧ್ಯಂತರವಾಗಿ 5 ಕೋಟಿ ರೂಪಾಯಿ ಕಟ್ಟಿಸಿತು. 2022ರ ಮೇ ತಿಂಗಳಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು.

ಈ ಎರಡು ಕತೆಯನ್ನು ಒಟ್ಟಿಗೆ ಓದಿ. ಒಂದು ಕಡೆ ಡೆನ್ಮಾರ್ಕಿನ ಬಾವುಟಕ್ಕಾಗಿ ಸರಕಾರವೇ ನೀರು ಪರೀಕ್ಷೆ ಮಾಡಿಸುತ್ತದೆ. ಇನ್ನೊಂದು ಕಡೆ ಊರಿನವರೇ ತಮ್ಮ ನೀರು ಕೆಟ್ಟಿದೆ ಎಂದು ಸಾಬೀತು ಮಾಡಲು ವರ್ಷಗಟ್ಟಲೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾರೆ. ಬಾವಿಯ ನೀರು ಉಪ್ಪಾಯಿತು ಎಂದು ಮೊದಲು ತಿಳಿದದ್ದು ಅದನ್ನು ಸೇದಿ ಗಂಜಿ ಬೇಯಿಸಿದ ಹೆಂಗಸಿಗೆ. ಅವಳ ನಾಲಿಗೆ ಸಾಕ್ಷಿಯಾಗುವುದಿಲ್ಲ. ಪ್ರಯೋಗಾಲಯದ ಕಾಗದ ಸಾಕ್ಷಿಯಾಗುತ್ತದೆ. ಹಾಗಾದರೆ ಆ ಕಾಗದ ನಮ್ಮ ಕೈಗೆ ಬರಬೇಕು.

6

ಈಗ ನಮ್ಮದೇ ಕಾವ್ಯದ ಮಾತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗಿನಿಂದ ಹೊಲೆ ಎಂಬ ಪದವನ್ನು ನಾವು ಬೈಗುಳದಿಂದ ಕಿತ್ತುಕೊಂಡು ಬಾವುಟ ಮಾಡಿದೆವು. ಬಾವಿ, ಕೆರೆ, ಹೋಟೆಲಿನ ಲೋಟ ನಮ್ಮ ಪದ್ಯಗಳಲ್ಲಿ ಹೋರಾಟದ ಜಾಗಗಳಾದವು. ಮುಟ್ಟುತ್ತೇವೆ ಎಂದು ಆ ಪದ್ಯಗಳು ಹೇಳಿದವು. ಅದು ಮಹಾಡ್‌ನ ಪರಂಪರೆ. ಅದು ಇನ್ನೂ ಮುಗಿದಿಲ್ಲ, ಇವತ್ತೂ ಬಾವಿಕಟ್ಟೆಯ ಗಲಾಟೆಗಳು ಪೇಪರಿನಲ್ಲಿ ಬರುತ್ತವೆ.

ಆದರೆ ಅಲ್ಲಿಯೇ ನಿಂತರೆ ಆಗದು. ನಮಗೆ ಮುಟ್ಟುವ ಹಕ್ಕು ಸಿಗುವ ಹೊತ್ತಿಗೆ ಆ ಬಾವಿಗೆ ಕೊಳಚೆ ಇಳಿದಿರುತ್ತದೆ. ಕೆರೆಗೆ ಪ್ರವೇಶ ಸಿಗುವ ಹೊತ್ತಿಗೆ ಕೆರೆ ಸತ್ತಿರುತ್ತದೆ. ಮುಟ್ಟುವ ಹಕ್ಕಿನ ಮುಂದಿನ ಹೆಜ್ಜೆ ಪರೀಕ್ಷೆ ಮಾಡುವ ಹಕ್ಕು, ಕಾಯುವ ಹಕ್ಕು. ಇದನ್ನು ಮೇಲ್ಜಾತಿಯ ಪರಿಸರವಾದಕ್ಕೆ ಬಿಟ್ಟುಕೊಟ್ಟರೆ ಹಳೆಯ ವ್ಯವಸ್ಥೆ ಹೊಸ ಬಟ್ಟೆ ಹಾಕಿಕೊಂಡು ಬರುತ್ತದೆ: ಕೊಳೆ ತೆಗೆಯಲು ನಾವು, ಕಾವಲಿಗೆ ಅವರು.

ಉದಾಹರಣೆಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೂ ಒಂದು ಇರಬೇಕು. ಅಧ್ಯಕ್ಷರ ಜೊತೆ ಆರು ಜನ ಸದಸ್ಯರು, ಅವರಲ್ಲಿ ಪರಿಶಿಷ್ಟ ಜಾತಿ, ವರ್ಗದವರು ಶೇಕಡ 18ಕ್ಕೆ ಕಡಿಮೆ ಇರಬಾರದು ಎಂದು 2004ರ ಕೇಂದ್ರ ನಿಯಮ ಹೇಳಿತ್ತು. ಆರು ಜನರಲ್ಲಿ ಶೇಕಡ 18 ಎಂದರೆ ಒಬ್ಬ ಮನುಷ್ಯ, ಮತ್ತೆ ಇನ್ನೊಬ್ಬನ ಒಂದು ಬೆರಳು. ಆ ಒಬ್ಬನಾದರೂ ಸಹಿ ಹಾಕಿ ಚಹಾ ಕುಡಿದು ಬರುವವನೋ, ತೋಡಿಗೆ ಬಿಟ್ಟ ಪೈಪು ಯಾರದೆಂದು ಕೇಳುವವನೋ? ನಿಮ್ಮ ನಿಮ್ಮ ಪಂಚಾಯತಿಗೆ ಹೋಗಿ ವಿಚಾರಿಸಿ. ನಮ್ಮ ಊರಲ್ಲಿ ಸಮಿತಿ ಉಂಟಾ? ಯಾರಿದ್ದಾರೆ? ಕೊನೆಯ ಸಭೆ ಯಾವಾಗ ಆಯಿತು? ಇದು ಕೂಡ ಒಂದು ಬಂಡಾಯವೇ, ಧ್ವನಿವರ್ಧಕ ಇಲ್ಲದ ಬಂಡಾಯ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಬೇಕು, ಕಿಟ್ ಕೊಡಬೇಕು ಎಂದಿದೆ. ಆ ಐವರಲ್ಲಿ ಕಾಲೊನಿಯವರು ಎಷ್ಟು? ಕಿಟ್ ಪಂಚಾಯತಿ ಕಪಾಟಿನಲ್ಲಿ ಇದ್ದರೆ ಹೊರಗೆ ತೆಗೆಸಿ. ಒಂದು ಸಣ್ಣ ಬಾಟಲಿ ಬರುತ್ತದೆ. ಬಾವಿಯ ನೀರು ತುಂಬಿ ಬೆಚ್ಚಗೆ ಒಂದೆರಡು ದಿನ ಇಟ್ಟರೆ, ಮಲ ಸೇರಿದ ನೀರು ಸಾಮಾನ್ಯವಾಗಿ ಕಪ್ಪಾಗುತ್ತದೆ. ಮಕ್ಕಳಿಗೆ ತೋರಿಸಿ. 1927ರಲ್ಲಿ ಮಹಾಡ್‌ನ ‘ಶುದ್ಧ’ ಮಾಡಿದ ನೀರನ್ನು ಈ ಬಾಟಲಿಗೆ ಹಾಕಿದ್ದರೆ ಅದು ಕಪ್ಪಾಗುತ್ತಿತ್ತು ಎಂದು ಹೇಳಿ. ಸಮಾಜಪಾಠವೂ ವಿಜ್ಞಾನಪಾಠವೂ ಒಂದೇ ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಕುಡಿಯುವ ನೀರಿನಲ್ಲಿ 100 ಮಿಲಿಲೀಟರಿಗೆ ಇ-ಕೋಲಿ ಒಂದೂ ಇರಕೂಡದು, ಉಪ್ಪಿನ ಅಂಶವಾದ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಮಿನೊಳಗೆ ಇರಬೇಕು ಎಂದು ಭಾರತೀಯ ಮಾನಕವೇ ಹೇಳುತ್ತದೆ. ಶಾಲೆಯ ಗೋಡೆಯ ಮೇಲೆ ಗಾದೆ ಬರೆಯುವ ಜಾಗದಲ್ಲಿ ಈ ಅಂಕಿ ಬರೆಯಿಸಿ. ಪಕ್ಕದಲ್ಲಿ ಊರ ಬಾವಿ, ಕಾಲೊನಿ ಬಾವಿ, ತೋಡು ಇವುಗಳ ಅಂಕಿಯನ್ನು ತಾರೀಕಿನ ಸಮೇತ ಬರೆಯಿಸಿ. ಆಮೇಲೆ ಪಂಚಾಯತಿ ಏನು ಮಾಡುತ್ತದೆ ನೋಡೋಣ.

ಬರೆಯುವ ಗೆಳೆಯರಿಗೆ ಹೇಳುವುದು ಇಷ್ಟು. ಹೊಳೆಯ ಮೇಲೆ ಪದ್ಯ ಓದುವಾಗ, ಕಾಡಿನ ಸಿನಿಮಾ ನೋಡುವಾಗ ಮೂರು ಪ್ರಶ್ನೆ ಜೇಬಿನಲ್ಲಿ ಇಟ್ಟುಕೊಳ್ಳಿ. ಈ ನೀರು ಯಾರ ದುಡಿಮೆಯಿಂದ ಇಲ್ಲಿ ನಿಂತಿತು? ಇಲ್ಲಿಂದ ಹೊರಟ ಕೊಳೆ ಯಾರ ಬಾವಿಗೆ ಹೋಯಿತು? ಇದು ಒಳ್ಳೆಯ ನೀರು ಎಂದು ಹೇಳಿದವರು ಯಾರು, ಹೇಗೆ ತಿಳಿದು ಹೇಳಿದರು? ಮೂರಕ್ಕೂ ಉತ್ತರ ಇಲ್ಲದ ಪದ್ಯ ಎಷ್ಟೇ ಚಂದ ಇರಲಿ, ಅದು ತೀರ್ಥ. ತಲೆಗೆ ಪ್ರೋಕ್ಷಿಸಿಕೊಳ್ಳಬಹುದು, ಕುಡಿಯಲು ಬಾರದು.

ದಡದಲ್ಲಿ ನಿಂತವರು ನೀಲನನ್ನು ಎತ್ತಲಿಲ್ಲ. ಆ ದಡ ಈಗಲೂ ಅವರ ಕೈಯಲ್ಲಿದೆ, ಅದಕ್ಕೆ ಈಗ ಸಂರಕ್ಷಣೆ ಎಂಬ ಹೆಸರು ಬಂದಿದೆ. ಹೊಳೆಯನ್ನು ಉಳಿಸುವ ಮಾತು ನಿಜವೇ ಆದರೆ ಮೊದಲು ದಡವನ್ನು ಹಂಚಿಕೊಳ್ಳಲಿ. ಹಂಚದಿದ್ದರೆ ಬಾಟಲಿ ಹಿಡಿದುಕೊಂಡು ನಾವೇ ಇಳಿಯುತ್ತೇವೆ.